ಬಿಡಿಭಾಗಗಳನ್ನು ಬಿಡಿಬಿಡಿಯಾಗಿ ಕೊಳ್ಳಬೇಡಿ

ಅಮೆರಿಕದಲ್ಲಿ ‘ಹಾಟ್ ರಾಡ್’ ಎಂಬುದೊಂದು ಹವ್ಯಾಸವಿದೆ. ಹಳೆಯ ಕಾರು ಕೊಂಡು, ಎಂಜಿನ್ ಬಿಚ್ಚಿ, ಮೊದಲಿಗಿಂತ ಹೆಚ್ಚು ಶಕ್ತಿ ಬರುವಂತೆ ಮತ್ತೆ ಕಟ್ಟುವುದು. ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಎರಡನೆಯ ಮಹಾಯುದ್ಧಕ್ಕೆ ಮೊದಲೇ ಒಣಗಿದ ಕೆರೆಗಳ ಸಪಾಟು ನೆಲದಲ್ಲಿ ಇಂಥ ಕಾರುಗಳನ್ನು ಓಡಿಸುತ್ತಿದ್ದರು. 1932ರ ಫೋರ್ಡ್ ವಿ-8 ಎಂಜಿನ್ ಅವರಿಗೆ ಅಚ್ಚುಮೆಚ್ಚು. 1955ರಲ್ಲಿ ಷೆವರ್ಲೆಯ ಚಿಕ್ಕ ವಿ-8 ಬಂದ ಮೇಲೆ ಬಹಳ ಜನ ಅದರತ್ತ ಹೊರಳಿದರು.

ನನ್ನ ಅಕ್ಕನ ಮಗ ಅಲ್ಲಿ ನೌಕರಿಯಲ್ಲಿದ್ದಾನೆ. ಅವನಿಗೂ ಈ ಹುಚ್ಚು ಹತ್ತಿ ಷೆವರ್ಲೆಯ 350 ಎಂಜಿನ್ ಒಂದನ್ನು ತಂದಿಟ್ಟ. ಎರಡು ವರ್ಷ ಕೂಡಿಟ್ಟ ಹಣದಲ್ಲಿ ಸಾಮಾನು ತರಿಸುವ ಮೊದಲು, “ಮಾಮಾ, ಸೋಲಾಪುರದಲ್ಲಿ ನಲವತ್ತು ವರ್ಷ ಮೋಟಾರ್ ಸಾಮಾನು ಮಾರಿದವರು ನೀವು, ಒಮ್ಮೆ ನೋಡಿ” ಎಂದು ಪಟ್ಟಿ ಕಳಿಸಿದ. ನಾನು ಓದಿದ್ದು ಮ್ಯಾಟ್ರಿಕ್. ಆದರೆ ಪಟ್ಟಿ ಓದುವುದು ನನ್ನ ಕಸುಬು. ಒಂದೊಂದು ಸಾಮಾನೂ ಉತ್ತಮ ಕಂಪನಿಯದೇ. ಆದರೆ ಒಂದಕ್ಕೊಂದು ಹೊಂದುವುದಿಲ್ಲ.

ಎಂಜಿನ್ ಉಸಿರಾಡುವುದು ವಾಲ್ವುಗಳಿಂದ. ಈ ವಿ-8ರಲ್ಲಿ ಹದಿನಾರು ವಾಲ್ವು. ಕೆಳಗೆ ಕ್ಯಾಮ್ ಶಾಫ್ಟ್ ತಿರುಗುತ್ತದೆ. ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್ ರಾಡನ್ನು ತಳ್ಳುತ್ತದೆ. ಪುಶ್ ರಾಡ್ ರಾಕರನ್ನು ಅಲುಗಿಸಿ ವಾಲ್ವು ತೆರೆಸುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ನಮ್ಮ ಹಳೆಯ ಅಂಬಾಸಿಡರ್ ಎಂಜಿನ್ನಿನಲ್ಲೂ ಇದೇ ಕ್ರಮವಿತ್ತು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಹೊಂದದಿದ್ದರೂ ಕೆಟ್ಟಿತು.

ನಾನು ಅವನಿಗೆ ಕೇಳಿದ ಮೊದಲ ಪ್ರಶ್ನೆ: “ಈ ಕಾರಿನಿಂದ ಏನು ಕೆಲಸ ತೆಗೆಯುತ್ತಿ?” ದಿನಾಲೂ ಪೇಟೆಗೆ, ರವಿವಾರ ಹೆಂಡತಿ ಮಕ್ಕಳೊಂದಿಗೆ ತಿರುಗಾಟಕ್ಕೆ ಎಂದ. ಪಟ್ಟಿಯಲ್ಲಿದ್ದದ್ದು ರೇಸಿನವರ ಕ್ಯಾಮ್. ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವು ತೆರೆದಿರುತ್ತದೆ ಎಂಬುದೇ ಕ್ಯಾಮಿನ ಅವಧಿ; ಟ್ಯಾಪೆಟ್ 0.050 ಇಂಚು ಎದ್ದಲ್ಲಿಂದ ಅದನ್ನು ಅಳೆಯುವ ರೂಢಿ. ರಸ್ತೆಯ ಮೇಲಿನ 350 ಎಂಜಿನ್ನಿಗೆ 210ರಿಂದ 225 ಡಿಗ್ರಿ ಸಾಕು. ಅವನು ಬರೆದದ್ದು 250. ಅಂಥ ಕ್ಯಾಮ್ ಮೇಲಿನ ವೇಗದಲ್ಲಿ ಗರ್ಜಿಸುತ್ತದೆ, ಕೆಳಗಿನ ವೇಗದಲ್ಲಿ ಕುಂಟುತ್ತದೆ. ಎಂಜಿನ್ನಿನ ನಿರ್ವಾತ ಕಡಿಮೆಯಾಗಿ, ಅದನ್ನೇ ನಂಬಿದ ಪವರ್ ಬ್ರೇಕು ಗಟ್ಟಿಯಾಗುತ್ತದೆ. ಮಕ್ಕಳು ಕೂರುವ ಕಾರಿಗೆ ಇದು ಬೇಕೇ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಎರಡನೆಯದು ಸ್ಪ್ರಿಂಗ್. ಅದು ಸಡಿಲಿದ್ದರೆ ವೇಗದಲ್ಲಿ ವಾಲ್ವು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಹಾಗೆಂದು ಬಿಗಿಯಾದದ್ದೇ ಒಳ್ಳೆಯದೆನ್ನಲಾಗದು. ಉರುಳೆಯಿರುವ ರೋಲರ್ ಟ್ಯಾಪೆಟ್ ಬಿಗಿ ಸ್ಪ್ರಿಂಗನ್ನು ತಾಳುತ್ತದೆ. ಚಪ್ಪಟೆ ಟ್ಯಾಪೆಟ್ ಉಬ್ಬಿನ ಮೇಲೆ ಉಜ್ಜಿಕೊಂಡೇ ಓಡುವುದರಿಂದ ತಾಳುವುದಿಲ್ಲ. ಇವನ ಪಟ್ಟಿಯಲ್ಲಿ ಟ್ಯಾಪೆಟ್ ಚಪ್ಪಟೆಯದು, ಸ್ಪ್ರಿಂಗು ರೋಲರಿನದು! ಕ್ಯಾಮಿನ ಉಬ್ಬುಗಳು ಸವೆದು, ಲೋಹದ ಪುಡಿ ಎಣ್ಣೆಯಲ್ಲಿ ಬೆರೆತು ಬೇರಿಂಗಿಗೆ ಹೋಗುತ್ತಿತ್ತು. ಎರಡು ವರ್ಷದ ಉಳಿತಾಯ ಅಲ್ಲಿಗೆ ಮುಗಿಯುತ್ತಿತ್ತು.

ಮೂರನೆಯದು ರಾಕರ್. ಷೆವರ್ಲೆಯದು 1.5 ಪಟ್ಟು. ಕ್ಯಾಮಿನ ಉಬ್ಬು 0.300 ಇಂಚು ಎತ್ತಿದರೆ ವಾಲ್ವು 0.450 ಇಂಚು ತೆರೆಯುತ್ತದೆ. 1.6ರ ರಾಕರ್ ಹಾಕಿದರೆ 0.480. ಲಾಭ ಕಾಣುತ್ತದೆ ನಿಜ, ಆದರೆ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು. ವಾಲ್ವು ಪೂರ್ತಿ ತೆರೆದಾಗಲೂ ಸ್ಪ್ರಿಂಗಿನ ಸುರುಳಿಗಳು ಅಂಟಿಕೊಳ್ಳದಂತೆ ಒಟ್ಟು ಸುಮಾರು 0.060 ಇಂಚು ಸಂದು ಉಳಿಯಬೇಕು. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಗಾಳಿ ಎಳೆಯುವ ಕಡೆ 0.080, ಹೊಗೆ ಬಿಡುವ ಕಡೆ 0.100 ಇಂಚು ಇರಬೇಕೆಂಬುದು ರೂಢಿಯ ನಿಯಮ. ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಪಿಸ್ಟನ್ ತಲೆಯ ಮೇಲೆ ಮಕ್ಕಳಾಡುವ ಜೇಡಿಯಂಥ ಮಣ್ಣು ಮೆತ್ತಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಅಚ್ಚು ಬಿದ್ದ ಮಣ್ಣಿನ ದಪ್ಪ ಅಳೆದರಾಯಿತು. ಪುಶ್ ರಾಡಿನ ಉದ್ದವನ್ನೂ ಹೀಗೆಯೇ ಅಳೆದೇ ತರಿಸಬೇಕು. ಹೆಡ್ ಅಥವಾ ಬ್ಲಾಕ್ ತೇಯ್ದಿದ್ದರೆ ಹಳೆಯ ಉದ್ದ ಹೊಂದುತ್ತದೆಂಬ ಭರವಸೆ ಇಲ್ಲ.

ಕೊನೆಗೆ ಅವನು ಪಟ್ಟಿ ಹರಿದುಹಾಕಿ, ಒಬ್ಬನೇ ತಯಾರಕನಿಂದ ಕ್ಯಾಮ್, ಟ್ಯಾಪೆಟ್, ಸ್ಪ್ರಿಂಗ್ ಮೂರನ್ನೂ ಜೋಡಿಯಾಗಿ ತರಿಸಿದ. ಖರ್ಚು ಮೊದಲ ಪಟ್ಟಿಗಿಂತ ಕಡಿಮೆಯೇ ಆಯಿತು. ಚಪ್ಪಟೆ ಟ್ಯಾಪೆಟ್ಟಿಗೆ ಇನ್ನೊಂದು ಎಚ್ಚರಿಕೆ ಹೇಳಿದೆ: ಜಿಂಕ್ ಅಂಶ ಹೆಚ್ಚಿರುವ ಎಣ್ಣೆ ಹಾಕು, ಮೊದಲ ಸಲ ಚಾಲೂ ಮಾಡಿದಾಗ ಸುಮ್ಮನೆ ಸಾವಕಾಶ ಓಡಲು ಬಿಡದೆ 2000 ಸುತ್ತಿಗಿಂತ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಓಡಿಸು. ಉಬ್ಬು-ಟ್ಯಾಪೆಟ್ ಒಂದಕ್ಕೊಂದು ಪಳಗುವುದು ಆಗಲೇ.

ಅಂಗಡಿಯಲ್ಲಿ ಕೂರುವ ನಮ್ಮ ಮಕ್ಕಳಿಗೆ ಒಂದು ಮಾತು. “ಎಲ್ಲಕ್ಕಿಂತ ದುಬಾರಿಯದು ಕೊಡಿ” ಎಂದು ಗಿರಾಕಿ ಬಂದಾಗ ಕೂಡಲೇ ತೆಗೆದುಕೊಡಬೇಡಿ. ಯಾವ ಗಾಡಿ, ಎಷ್ಟು ಭಾರ, ಯಾವ ದಾರಿ, ಜೊತೆಗೆ ಏನೇನು ಹಾಕಿದ್ದೀರಿ ಎಂದು ಕೇಳಿ. ಅಂದಿನ ಬಿಲ್ಲು ಚಿಕ್ಕದಾಗಬಹುದು. ಆ ಸಾಮಾನು ತಿರುಗಿ ಬರುವುದಿಲ್ಲ, ಗಿರಾಕಿ ಮಾತ್ರ ತಿರುಗಿ ಬರುತ್ತಾನೆ.