ಏಳೂ ಚಿಲ್ಲರೆ ಸೆಕೆಂಡಿನ ಜಗಳ

ಓಟದ ಬಗ್ಗೆ ನಮ್ಮ ಆಫೀಸಿನಲ್ಲಿ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಒಂದು ರೌಂಡು ನಡೆದು, ಆಮೇಲೆ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದು ಲೆಕ್ಕ ಚುಕ್ತಾ ಮಾಡೋ ಜನ ನಾವು :-) ಆದ್ರೂ 2025ರ ಜೂನ್ ಕೊನೆಯಲ್ಲಿ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಟೀ ಅಂಗಡಿ ಮುಂದೆ ನಾವು ಗಂಟಲು ಹರ್ಕೊಂಡಿದ್ದು ಕ್ರಿಕೆಟ್ಟಿಗಲ್ಲ, ಕೀನ್ಯಾದ ಒಬ್ಬ ಓಟಗಾರ್ತಿಗೆ.

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ಆಕೆ ಫೇತ್ ಕಿಪ್ಯೆಗಾನ್. ರಿಯೋ, ಟೋಕಿಯೋ, ಪ್ಯಾರಿಸ್.. ಸತತ ಮೂರು ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದಾಕೆ. ಮಧ್ಯದಲ್ಲಿ ಒಂದು ಮಗುವಿನ ತಾಯಿಯೂ ಆದಳು. 2023ರ ಜುಲೈನಲ್ಲಿ ಮೊನಾಕೋದಲ್ಲಿ ಒಂದು ಮೈಲಿಯನ್ನು 4 ನಿಮಿಷ 7.64 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದಿದ್ದಳು. ಅದನ್ನ 4 ನಿಮಿಷದೊಳಗೆ ಇಳಿಸ್ತೀವಿ ಅಂತ ನೈಕಿ ಕಂಪನಿ ತಿಂಗಳುಗಟ್ಟಲೆ ಪ್ರಚಾರ ಮಾಡ್ತು. ಜೂನ್ 26ಕ್ಕೆ ಪ್ಯಾರಿಸ್ಸಿನ ಶಾರ್ಲೆಟಿ ಕ್ರೀಡಾಂಗಣದಲ್ಲಿ ಮುಹೂರ್ತ. ಗಾಳಿಯ ತಡೆ ಕಮ್ಮಿ ಮಾಡೋಕೆ ಅಂತ ಮೇಲೆಲ್ಲ ಸಣ್ಣ ಸಣ್ಣ ಗುಬಟುಗಳಿರೋ ಉಡುಪು, ಆಕೆಗೆಂದೇ ಮಾಡಿದ ಸ್ಪೈಕ್ಸ್, ಮುಂದೆ ಹಿಂದೆ ಕೋಟೆ ಕಟ್ಟಿದ ಹಾಗೆ 13 ಜನ ಪೇಸರ್‌ಗಳು. ಅದರಲ್ಲಿ ಹೆಚ್ಚಿನವರು ಗಂಡಸರು. ಹೀಗಾಗಿ ಗುರಿ ಮುಟ್ಟಿದರೂ ಅದು ಅಧಿಕೃತ ದಾಖಲೆ ಆಗಲ್ಲ ಅನ್ನೋದು ಮೊದಲೇ ಎಲ್ಲರಿಗೂ ಗೊತ್ತಿತ್ತು.

ಬೇಕಿದ್ದಿದ್ದು ಏಳೂ ಚಿಲ್ಲರೆ ಸೆಕೆಂಡು. ಏನು ಮಹಾ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಮೈಲಿ ಅಂದ್ರೆ 1609 ಮೀಟರ್, ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಮತ್ತು ಒಂಬತ್ತು ಮೀಟರ್ ಚಿಲ್ಲರೆ. ಆಕೆಯ ವೇಗ ಸೆಕೆಂಡಿಗೆ ಆರೂವರೆ ಮೀಟರ್. ಅಂದ್ರೆ ದಾಖಲೆ ಬರೆದ ಕಿಪ್ಯೆಗಾನ್‌ಗಿಂತ ಹೊಸ ಕಿಪ್ಯೆಗಾನ್ ಸುಮಾರು 50 ಮೀಟರ್ ಮುಂದೆ ಇರಬೇಕು! ಒಂದೊಂದು ಸುತ್ತೂ ಒಂದು ನಿಮಿಷದೊಳಗೆ ಮುಗೀಬೇಕು.

"ಇದು ಜಾಹೀರಾತು ಕಣಯ್ಯ. ಶೂ ಮಾರೋಕೆ ಒಂದು ಓಟ" ಅಂತ ನಮ್ಮ ಟೀಮ್ ಲೀಡ್ ಮೊದಲ ಗ್ಲಾಸ್ ಟೀ ಮುಗಿಯೋ ಮುಂಚೆನೇ ತೀರ್ಪು ಕೊಟ್ಟರು.

ನಮ್ಮ ಮೂಡಬಿದಿರೆ ಗೆಳೆಯ ಬಿಡ್ತಾನಾ? "ಅಲ್ಲ ಸಾರ್, ಓಡಿದ್ದು ಅವಳ ಕಾಲಲ್ವಾ? ಶೂವನ್ನು ಒಂದೇ ಬಿಟ್ಟು ನೋಡಿ, ಎಷ್ಟು ದೂರ ಹೋಗ್ತದೆ ಅಂತ!"

"ಹೌದಪ್ಪಾ, ನಿಮ್ಮೂರಲ್ಲಿ ಉಸೇನ್ ಬೋಲ್ಟ್‌ನೇ ಕೋಣದ ಹಿಂದೆ ಓಡಿ ಸೋಲಿಸಿದವರಿದ್ದಾರಲ್ಲ" ಅಂತ ಇನ್ನೊಬ್ಬ ಕಾಲೆಳೆದ. ಅಲ್ಲಿಗೆ ಜಗಳ ಪ್ಯಾರಿಸ್ಸಿನಿಂದ ನೇರ ದಕ್ಷಿಣ ಕನ್ನಡಕ್ಕೆ ಬಂತು.

ನಿಮಗೂ ನೆನಪಿರಬೇಕು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ 100 ಮೀಟರಿಗೆ 9.55 ಅಂತ ತೆಗೆದರು. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಸರಿ, ದೇಶಕ್ಕೆ ದೇಶವೇ ಕುಣಿದಾಡಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರೆನ್ ರಿಜಿಜು ಅವರು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಟ್ರಯಲ್ಸ್ ಮಾಡಿಸ್ತೀವಿ ಅಂದರು. ಅದೇ ತಿಂಗಳು ನಿಶಾಂತ್ ಶೆಟ್ಟಿಯವರು ಇನ್ನೂ ಬೇಗ ಓಡಿದರು, ಇನ್ನೊಂದು ಸಲ ಭಾಗಾಕಾರ ಆಯ್ತು.

ಈ ಗಲಾಟೆಯಲ್ಲೆಲ್ಲ ತಣ್ಣಗಿದ್ದವರು ಗೌಡರೇ. ಕಂಬಳದಲ್ಲಿ ಕೋಣಗಳ ಪಾಲೂ ಇರುತ್ತೆ, ಕೆಸರಿನಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳ ತುದಿಯ ಕೆಲಸ, ಅದು ಬೇರೆ ಇದು ಬೇರೆ ಅಂತ ಹೇಳಿ ಟ್ರಯಲ್ಸಿಗೆ ಬರಲ್ಲ ಅಂದುಬಿಟ್ಟರು. ತಾನು ಓಡಿದ್ದು ಏನು, ಓಡದೇ ಇದ್ದಿದ್ದು ಏನು ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. "ನಮ್ಮವರು ಯಾವತ್ತು ದಾಖಲೆ ಅಂತ ಹೇಳಿದ್ದಾರೆ ಮಾರಾಯ? ಹೇಳಿದ್ದು ನೀವು, ಗಟ್ಟದ ಮೇಲಿನವರು" ಅಂತ ಗೆಳೆಯ ರೇಗಿದ. ಆ ಪಾಯಿಂಟಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈ ಜಗಳ ಹೊಸದೂ ಅಲ್ಲ. ರೋಜರ್ ಬ್ಯಾನಿಸ್ಟರ್ 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ್ದು ಎಲ್ಲರಿಗೂ ಗೊತ್ತು. ಅದರ ಹಿಂದಿನ ವರ್ಷ ಜೂನ್‌ನಲ್ಲಿ ಆತ 4 ನಿಮಿಷ 2 ಸೆಕೆಂಡಿಗೆ ಓಡಿದ್ದ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. ಅವತ್ತು ಜೊತೆಯವನೊಬ್ಬ ಬೇಕಂತಲೇ ನಿಧಾನ ಓಡಿ, ಒಂದು ಸುತ್ತು ಹಿಂದೆ ಉಳಿದು, ಕೊನೆಗೆ ಬ್ಯಾನಿಸ್ಟರ್ ಹತ್ತಿರ ಬಂದಾಗ ಪೇಸರ್ ಆಗಿದ್ದ. ಇದು ಸಾಚಾ ಸ್ಪರ್ಧೆ ಅಲ್ಲ ಅಂತ ಬ್ರಿಟಿಷ್ ಅಥ್ಲೆಟಿಕ್ ಸಂಸ್ಥೆ ಅದನ್ನು ದಾಖಲೆ ಅಂತ ಒಪ್ಪಲಿಲ್ಲ. 1954ರಲ್ಲೂ ಬ್ರಾಶರ್, ಚಾಟವೇ ಅಂತ ಇಬ್ಬರು ಪೇಸರ್‌ಗಳಿದ್ದರು, ಆದರೆ ಅದು ನಿಜವಾದ ಸ್ಪರ್ಧೆ. ದಾಖಲೆ ಉಳೀತು.

ಇನ್ನು ನಮ್ಮ ಇಂಜಿನಿಯರ್ ಬುದ್ಧಿಗೆ ಹತ್ತಿರದ ವಿಷಯ. 2025ರ ಫೆಬ್ರವರಿಯಲ್ಲಿ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ, ಮುಂದೊಬ್ಬರು ಹಿಂದೊಬ್ಬರು ಸರಿಯಾದ ಅಂತರದಲ್ಲಿ ಓಡಿ ಗಾಳಿ ಮರೆ ಮಾಡಿದರೆ ಕಿಪ್ಯೆಗಾನ್ 3 ನಿಮಿಷ 59.37 ಸೆಕೆಂಡಿಗೆ ಓಡಬಹುದು ಅಂತ ಪ್ರಕಟಿಸಿತ್ತು. ಆವತ್ತು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ನಾನು ನೋಡಿದ್ದು ಬೇರೆ. ಕೊನೆಯ ಸುತ್ತಿನಲ್ಲಿ ಆಕೆಯ ಕಾಲು ಭಾರವಾಗ್ತಾ ಬಂತು. ಮುಗಿಸಿದಾಗ 4 ನಿಮಿಷ 6 ಸೆಕೆಂಡು ದಾಟಿತ್ತು. ಮುಗಿಸಿ ಹಾಗೇ ನೆಲಕ್ಕೆ ಬಿದ್ದಳು. ಟೆಸ್ಟಿಂಗ್‌ನಲ್ಲಿ ಹಸಿರು, ಪ್ರೊಡಕ್ಷನ್‌ನಲ್ಲಿ ಕೆಂಪು. ನಮಗೆ ಇದೇನು ಹೊಸದಲ್ಲ ಬಿಡಿ.

ನಾನು ಇಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣ ಮನೆಯಲ್ಲೇ ಇತ್ತು. ನನ್ನ ಚಿಕ್ಕಪ್ಪನ ಮಗಳು ಆಗ ಪಿಯುಸಿ ಓದ್ತಿದ್ದಳು, 1500 ಮೀಟರ್ ಓಡ್ತಿದ್ದಳು. ಚಿಕ್ಕಪ್ಪ ಒಂದು ಷರತ್ತು ಹಾಕಿದ್ದರು. "ಐದು ನಿಮಿಷದೊಳಗೆ ಬಂದ್ರೆ ಓಡು. ಇಲ್ಲಾಂದ್ರೆ ಸಾಕು, ಸಿಇಟಿಗೆ ಓದ್ಕೋ." ಆ ಹಿಂದಿನ ಕೂಟದಲ್ಲಿ ಆಕೆಯ ಸಮಯ 5 ನಿಮಿಷ 11 ಸೆಕೆಂಡು. ಆದರೆ ಪ್ರಾಕ್ಟೀಸಿನಲ್ಲಿ ಕೋಚ್ ಇಬ್ಬರು ಹುಡುಗರನ್ನ ಮುಂದೆ ಬಿಟ್ಟು ಓಡಿಸಿದಾಗ 4 ನಿಮಿಷ 58 ಬಂದಿತ್ತು.

ಈಗ ಹೇಳಿ, ಷರತ್ತು ಗೆದ್ದ ಹಾಗಾ ಸೋತ ಹಾಗಾ? ಚಿಕ್ಕಮ್ಮ ಗೆದ್ದ ಹಾಗೇ ಅಂದರು. ಅಜ್ಜಿಯ ಓಟೂ ಅದೇ ಕಡೆ. ನಾನು ಅವಳನ್ನೇ ಕೇಳಿದೆ, "ಅಪ್ಪನಿಗೆ ಆ 4:58 ಹೇಳಿದ್ಯಾ?"

"ಇಲ್ಲ ಅಣ್ಣಾ. ಅದು ಅಪ್ಪನಿಗೆ ತೋರಿಸೋಕೆ ಓಡಿದ್ದಲ್ಲ. ಆ ಸ್ಪೀಡ್ ಹೇಗಿರುತ್ತೆ ಅಂತ ನನ್ನ ಕಾಲಿಗೆ ಗೊತ್ತಾಗಲಿ ಅಂತ ಓಡಿದ್ದು" ಅಂದಳು. ಅವಳ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇತ್ತು. ಒಂದಕ್ಕೆ 'ಕೂಟ', ಇನ್ನೊಂದಕ್ಕೆ 'ಹುಡುಗರ ಹಿಂದೆ'. ಎರಡನ್ನೂ ಯಾವತ್ತೂ ಸೇರಿಸಿರಲಿಲ್ಲ.

ಟೀ ಅಂಗಡಿ ಮುಂದೆ ನಾವು ನಾಲ್ಕು ಜನ ಸೇರಿ ಬಗೆಹರಿಸೋಕಾಗದೇ ಇದ್ದಿದ್ದನ್ನ ಹುಡುಗಿ ಸ್ಕೇಲಲ್ಲಿ ಒಂದು ಗೆರೆ ಎಳೆದು ಬಗೆಹರಿಸಿದ್ದಳು. ಪ್ಯಾರಿಸ್ಸಿನ ಓಟ ಸುಳ್ಳಲ್ಲ, ಮೋಸವೂ ಅಲ್ಲ, ಯಾಕಂದ್ರೆ ಯಾರೂ ಅದನ್ನ ಮೊದಲ ಕಾಲಂನಲ್ಲಿ ಬರೆಯಲಿಲ್ಲ. ಜಾಹೀರಾತು ಹೌದು. ಆದರೆ ಜಾಹೀರಾತಿನೊಳಗೂ ಒಬ್ಬಳು ನಿಜವಾಗಿ ಓಡಿ ನಿಜವಾಗಿ ಸುಸ್ತಾದಳು. ಅದಾಗಿ ಒಂಬತ್ತೇ ದಿನಕ್ಕೆ, ಜುಲೈ 5ರಂದು, ಅಮೆರಿಕದ ಯೂಜೀನ್‌ನಲ್ಲಿ ಎಲ್ಲ ನಿಯಮಗಳ ಒಳಗೇ ಕಿಪ್ಯೆಗಾನ್ 1500 ಮೀಟರನ್ನ 3 ನಿಮಿಷ 48.68 ಸೆಕೆಂಡಿಗೆ ಓಡಿ ತನ್ನದೇ 3:49.04ರ ವಿಶ್ವದಾಖಲೆ ಮುರಿದಳು. ಅದು ಮೊದಲ ಕಾಲಂ. ಆ ಸುದ್ದಿ ನಮ್ಮ ಟೀ ಅಂಗಡಿಗೆ ಬರಲೇ ಇಲ್ಲ, ಅಷ್ಟೊತ್ತಿಗೆ ಜಗಳಕ್ಕೆ ಬೇರೆ ವಿಷಯ ಸಿಕ್ಕಿತ್ತು.

ನಮ್ಮ ಹುಡುಗಿ ಆ ವರ್ಷ ಮುಂದಿನ ಕೂಟದಲ್ಲಿ 5 ನಿಮಿಷ 4 ಸೆಕೆಂಡಿಗೆ ಓಡಿದಳು. ಷರತ್ತಿನ ಪ್ರಕಾರ ಸೋಲು. ಚಿಕ್ಕಪ್ಪ ಚೀಟಿ ನೋಡಿದರು, ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ನೋಡಿದರು.

"ಇನ್ನು ನಾಲ್ಕೇ ಸೆಕೆಂಡಲ್ವೇನೇ?" ಅಂದರು. ಸಿಇಟಿ ಮಾತು ಆವತ್ತು ಬರಲಿಲ್ಲ.