ಹನಿಗೊಂದು ಒಡ್ಡು

ದುಡ್ಡು ಉಳಿಸುವ ವಿಷಯದಲ್ಲಿ ನಮ್ಮಲ್ಲಿ ಬುದ್ಧಿಮಾತಿಗೆ ಯಾವತ್ತೂ ಬರವಿಲ್ಲ. ಕೋಣೆಯಿಂದ ಹೊರಗೆ ಬರುವಾಗ ಫ್ಯಾನ್ ಆರಿಸು, ಸಂತೆಗೆ ಹೋಗುವಾಗ ಚೀಲ ಒಯ್ಯಿ, ಹೋಟೆಲ್ ಕಾಫಿ ಬಿಡು, ಸವೆದು ಚೂರಾದ ಸೋಪನ್ನು ಹೊಸ ಸೋಪಿಗೆ ಮೆತ್ತು. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ಚೌಕಾಸಿ ಮಾಡುವ ಗೃಹಸ್ಥರೇ ಹತ್ತು ಲಕ್ಷದ ಕಾರಿನ ಸಾಲಕ್ಕೆ, ಬಡ್ಡಿ ಎಷ್ಟೆಂದು ಎರಡನೇ ಸಲ ಕೇಳದೆ, ತೋರಿಸಿದಲ್ಲೆಲ್ಲ ಸಹಿ ಹಾಕಿ ಬರುತ್ತಾರೆ. ಏಳು ವರ್ಷದ ಆ ಸಾಲದ ಬಡ್ಡಿ ಶೇ. 9ರ ಬದಲು ಶೇ. 9.5 ಆದರೆ ಹೆಚ್ಚಿಗೆ ಕಟ್ಟುವ ಹಣ 21 ಸಾವಿರ ರೂಪಾಯಿ ದಾಟುತ್ತದೆ. ಅದನ್ನು ಕೊತ್ತಂಬರಿಯಲ್ಲೇ ವಸೂಲು ಮಾಡುತ್ತೇನೆಂದು ಹೊರಟರೆ ದಿನಕ್ಕೊಂದು ಕಟ್ಟಿನಂತೆ ಹನ್ನೊಂದು ವರ್ಷಕ್ಕೂ ಮೇಲೆ ಚೌಕಾಸಿ ನಡೆಸಬೇಕು. ‘ಹನಿ ಹನಿ ಕೂಡಿದರೆ ಹಳ್ಳ’ ಎನ್ನುವಾಗ ನಾವು ಹನಿಯನ್ನು ಹೊಗಳುತ್ತೇವೆ. ಕೂಡುವ ಕೆಲಸ ತಾನಾಗಿ ಆದೀತೆಂದು ನಂಬಿಬಿಡುತ್ತೇವೆ. ಇಳಿಜಾರಿಗೆ ಬಿದ್ದ ಹನಿ ಹರಿದುಹೋಗುತ್ತದೆ; ಅಡ್ಡಕ್ಕೆ ಒಂದು ಒಡ್ಡಿದ್ದರಷ್ಟೇ ನಿಲ್ಲುತ್ತದೆ. ಫ್ಯಾನ್ ಆರಿಸಿ ಉಳಿಸಿದ ರೂಪಾಯಿ ತಿಂಗಳ ಕೊನೆಗೆ ಎಲ್ಲಿದೆ ಎಂದು ಕೇಳಿದರೆ ಯಾವ ಮನೆಯವರೂ ಬೆರಳು ಮಾಡಿ ತೋರಿಸಲಾರರು. ಮಿತವ್ಯಯವನ್ನು ಸದ್ಗುಣವೆಂದು ನಾವು ಬೇಕಾದಷ್ಟು ಬೋಧಿಸಿದ್ದೇವೆ. ಆದರೆ ಮುಪ್ಪಿನವರೆಗೆ ಬಾಳುವ ಉಳಿತಾಯ ಗುಣಕ್ಕಿಂತ ಹೆಚ್ಚಾಗಿ ಏರ್ಪಾಡಿನಿಂದ ಆಗುವಂಥದ್ದು.

ಇದನ್ನು ತೋರಿಸಲು ದೂರ ಹೋಗಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ವೈದ್ಯ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶ. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು: ಏಜೆಂಟರು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯನ್ನಾದರೂ ಪಡೆದು, ಬರೆದುಕೊಟ್ಟು ಹೋಗುವುದು. ಅಲ್ಲಿಯವರೆಗೆ ಬ್ಯಾಂಕೆಂದರೆ ದುಡ್ಡಿದ್ದವರು ತಾವಾಗಿ ಮೆಟ್ಟಿಲು ಹತ್ತಿ ಬರುವ ಜಾಗ. ದಿನದ ಗಳಿಕೆಯಲ್ಲಿ ಬದುಕುವವರು ಆ ಮೆಟ್ಟಿಲು ಹತ್ತುವಷ್ಟು ಹಣ ಕೈಯಲ್ಲಿ ನಿಂತೀತೆಂದು ಕಾದರೆ ಕಾಯುತ್ತಲೇ ಇರಬೇಕು. ಪಿಗ್ಮಿ ಆ ಮನುಷ್ಯರನ್ನು ಸರಿಯಾಗಿ ಓದಿಕೊಂಡಿತ್ತು. ಗಲ್ಲಾದಲ್ಲಿ ಚಿಲ್ಲರೆ ಇರುವ ಹೊತ್ತಿಗೇ ಅದು ಬಂತು. ಕೊಟ್ಟರೆ ನೋವಾಗದಷ್ಟು ಸಣ್ಣದನ್ನು ಕೇಳಿತು. ಕೇಳಲು ಪರಿಚಯದ ಮುಖವನ್ನು ಕಳಿಸಿತು. ಬಾಗಿಲಲ್ಲಿ ನಿಂತವರಿಗೆ ಇಲ್ಲವೆನ್ನಲು ನಮಗೆ ಬಾಯಿ ಬರುವುದಿಲ್ಲ. ಈ ದಾಕ್ಷಿಣ್ಯ ಖರ್ಚಿನ ದಾರಿಯಲ್ಲಿ ನಮ್ಮನ್ನು ಎಷ್ಟೋ ಸಲ ಮುಳುಗಿಸಿದೆ. ಉಳಿತಾಯದ ದಾರಿಯಲ್ಲೂ ಅದನ್ನು ದುಡಿಸಬಹುದೆಂದು ಕರಾವಳಿಯವರು ಕಂಡುಕೊಂಡರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಮಾತ್ರ ಇಂದಿಗೂ ನಮ್ಮ ಊರುಗಳ ಪೇಟೆಬೀದಿಯಲ್ಲಿ, ಸಹಕಾರಿ ಸಂಘಗಳ ಹೆಸರಿನಲ್ಲಿ ಓಡಾಡಿಕೊಂಡಿದೆ.

ಬರೀ ಲೆಕ್ಕದಲ್ಲಿ ನೋಡಿದರೆ ಪಿಗ್ಮಿ ಲಾಭದ ವ್ಯವಹಾರವಲ್ಲ. ಏಜೆಂಟರ ಕಮಿಷನ್ ಅದರಲ್ಲೇ ಹೋಗಬೇಕಾದ್ದರಿಂದ ಬಡ್ಡಿ ಮಾಮೂಲಿ ಠೇವಣಿಗಿಂತ ಕಡಿಮೆ; ಅವಧಿಗೆ ಮೊದಲು ಮುರಿದರೆ ಅದೂ ಇಲ್ಲವೆನ್ನುವಷ್ಟು. ದಿನಾ ಕೊಡುವ ನೂರನ್ನು ಮನೆಯಲ್ಲೇ ಎತ್ತಿಟ್ಟು ತಿಂಗಳಿಗೊಮ್ಮೆ ಬ್ಯಾಂಕಿಗೆ ಹಾಕಿದರೆ ಹೆಚ್ಚು ಸಿಗುತ್ತದೆಂದು ಯಾರಾದರೂ ಲೆಕ್ಕ ಬಿಡಿಸಿ ತೋರಿಸಬಹುದು. ಹಾಗೆ ಎತ್ತಿಟ್ಟವರು ಎಷ್ಟು ಮಂದಿ ಎಂಬುದು ಬೇರೆ ಲೆಕ್ಕ. ಠೇವಣಿದಾರರು ಬಿಟ್ಟುಕೊಟ್ಟ ಬಡ್ಡಿ ನಷ್ಟವೆನಿಸಿದರೂ ಅದು ಶಿಸ್ತಿಗೆ ತೆತ್ತ ಬಾಡಿಗೆ. ಇದಕ್ಕೆ ಬೇರೆ ಕಡೆಯ ಸಾಕ್ಷಿಯೂ ಇದೆ. ಫಿಲಿಪ್ಪೀನ್ಸಿನ ಒಂದು ಗ್ರಾಮೀಣ ಬ್ಯಾಂಕಿನಲ್ಲಿ ನವಾ ಅಶ್ರಫ್, ಡೀನ್ ಕಾರ್ಲನ್, ವೆಸ್ಲಿ ಯಿನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿ 2006ರಲ್ಲಿ ಪ್ರಕಟಿಸಿದರು. ತಾವೇ ಗೊತ್ತುಮಾಡಿದ ದಿನ ಅಥವಾ ಮೊತ್ತ ಬರುವವರೆಗೆ ಹಣ ತೆಗೆಯಲಾಗದ ಖಾತೆಯೊಂದನ್ನು ಗ್ರಾಹಕರ ಮುಂದಿಟ್ಟರು. ಬಡ್ಡಿ ಮಾಮೂಲಿ ಖಾತೆಯದೇ, ಒಂದು ಪೈಸೆ ಹೆಚ್ಚಿಲ್ಲ. ಆದರೂ ಶೇ. 28ರಷ್ಟು ಮಂದಿ ಅದನ್ನು ಕೇಳಿ ಪಡೆದರು. ಆ ಖಾತೆಯ ಅವಕಾಶ ಸಿಕ್ಕ ಗುಂಪಿನ ಉಳಿತಾಯ, ಸಿಗದ ಗುಂಪಿನದಕ್ಕಿಂತ ಒಂದು ವರ್ಷದಲ್ಲಿ ಶೇ. 80ರಷ್ಟು ಹೆಚ್ಚು ಬೆಳೆಯಿತು. ತಮ್ಮ ಕೈಯನ್ನು ತಾವೇ ಕಟ್ಟಿಸಿಕೊಳ್ಳಲು ಜನ ಮುಂದೆ ಬರುತ್ತಾರೆಂದರೆ, ಆ ಕೈಯ ಮೇಲೆ ಅವರಿಗೆ ಎಷ್ಟು ನಂಬಿಕೆ ಇದೆ ಎಂಬುದೂ ತಿಳಿಯುತ್ತದೆ.

ನಮ್ಮ ಮನೆಗಳಲ್ಲಿ ನಿಜವಾಗಿ ದುಡ್ಡು ನಿಂತಿರುವ ಜಾಗಗಳನ್ನು ಒಂದೊಂದಾಗಿ ನೋಡಿ, ಎಲ್ಲೆಡೆ ಇದೇ ಸೂತ್ರ. ಚೀಟಿಯಲ್ಲಿ ಕಂತು ತಪ್ಪಿಸಿದರೆ ಇಪ್ಪತ್ತು ಜನರ ಮುಂದೆ ಮುಖ ತೋರಿಸಲಾಗದು. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಪಕ್ಕದವಳು ಕಟ್ಟಿದಾಗ ತಾನೂ ಕಟ್ಟಲೇಬೇಕು. ಎಲ್‌ಐಸಿಯ ಕಂತು ಬಿಟ್ಟರೆ ಪಾಲಿಸಿ ಲ್ಯಾಪ್ಸ್ ಆದೀತೆಂಬ ಭಯ. ಚಿನ್ನ ತಂದರೆ ಅದು ಮೈಮೇಲಿನ ಒಡವೆ. ಮಾರಬೇಕೆಂದರೆ ಮನೆಯಲ್ಲಿ ಕಣ್ಣೀರು ಹರಿಯಬೇಕು. ಆದಾಯದ ದೃಷ್ಟಿಯಿಂದ ಇವುಗಳಲ್ಲಿ ಕೆಲವು ಸಾಧಾರಣ, ಕೆಲವು ಸಾಧಾರಣಕ್ಕಿಂತ ಕೆಳಗೆ. ಆದರೂ ತಲೆಮಾರುಗಳ ಮದುವೆ, ಓದು, ಮನೆ ಇವುಗಳಿಂದಲೇ ಆಗಿವೆ; ಮುರಿಯಲು ಇವೆಲ್ಲ ಕಷ್ಟ ಎನ್ನುವುದೇ ಇವುಗಳ ಬಲ. ಸಾಸಿವೆ ಡಬ್ಬಿಯಲ್ಲಿ ಗಂಡನಿಗೂ ಗೊತ್ತಾಗದಂತೆ ನೋಟು ಮಡಿಸಿಟ್ಟ ಹೆಂಗಸರೂ ಒಡ್ಡು ಕಟ್ಟಿದವರೇ. ಆದರೆ 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಆ ಡಬ್ಬಿಗಳೆಲ್ಲ ಕೆಲವೇ ವಾರಗಳಲ್ಲಿ ಬಯಲಾಗಬೇಕಾಯಿತು. ಗುಟ್ಟು ಮಾತ್ರ ಸಾಲದು, ಒಡ್ಡಿಗೆ ಹೊರಗಿನ ಆಧಾರವೂ ಬೇಕೆಂದು ಅದು ತೋರಿಸಿತು.

ಈ ಮಾತು ಮುಪ್ಪಿನ ವಿಷಯಕ್ಕೆ ಬಂದಾಗ ಇನ್ನೂ ಗಟ್ಟಿಯಾಗುತ್ತದೆ. ಇಪ್ಪತ್ತೈದರ ಹರೆಯದವರಿಗೆ ಅರವತ್ತೆಂದರೆ ಬೇರೆ ಯಾರದೋ ವಯಸ್ಸು. ಆ ಬೇರೆ ಯಾರಿಗೋ ಇಂದಿನ ಸಿನಿಮಾ, ಪ್ರವಾಸ ಬಿಡಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದಲೇ 1952ರ ಭವಿಷ್ಯನಿಧಿ ಕಾಯ್ದೆ ಮನಸ್ಸನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 12 ಸಂಬಳ ಕೈಸೇರುವ ಮೊದಲೇ ಕಡಿತವಾಗುತ್ತದೆ, ಮಾಲೀಕರಿಂದಲೂ ಅಷ್ಟೇ ಬರುತ್ತದೆ. ಪಿಎಫ್ ಕಡಿತದ ಬಗ್ಗೆ ಮೂವತ್ತು ವರ್ಷ ಗೊಣಗಿದವರೇ ನಿವೃತ್ತಿಯ ದಿನ ಆ ಹಣ ನೋಡಿ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಇನ್ನೊಂದೆಡೆ ಹಳೆಯ ಆಸರೆಗಳು ಸಡಿಲಗೊಂಡಿವೆ. ಕೇಂದ್ರದಲ್ಲಿ 2004ರ ಜನವರಿ 1ರ ನಂತರ, ಕರ್ನಾಟಕ ಸರ್ಕಾರದಲ್ಲಿ 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದವರು ಕೊನೆಯ ಸಂಬಳದ ಅರ್ಧ ಬರುವ ಹಳೆಯ ಪಿಂಚಣಿಯ ಬದಲು ಹೊಸ ಪದ್ಧತಿಗೆ ಬಂದರು. ಕೂಡುಮನೆ ಒಡೆದು ಮಗ ಒಂದು ಊರು, ಮಗಳು ಒಂದು ದೇಶ ಸೇರಿದ್ದಾರೆ. ಆಟೋ ಓಡಿಸುವವರಿಗೆ, ಹೊಲಿಗೆಯವರಿಗೆ, ಆ್ಯಪ್ ಹೇಳಿದ ಮನೆಗೆ ಊಟ ಮುಟ್ಟಿಸುವವರಿಗೆ ಪಿಎಫ್ ಎಂದೂ ಇರಲಿಲ್ಲ. ಅಂಥವರಿಗೆಂದೇ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯಲ್ಲಿ ಕಂತು ಖಾತೆಯಿಂದ ತಾನಾಗಿ ಹೋಗುತ್ತದೆ. ಅರವತ್ತರಿಂದ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ ಹದಿನೆಂಟಕ್ಕೆ ಸೇರಿದವರು ಕಟ್ಟುವುದು ತಿಂಗಳಿಗೆ 210, ನಲವತ್ತಕ್ಕೆ ಸೇರಿದವರು 1,454. ತಡಮಾಡಿದ್ದಕ್ಕೆ ತೆರುವ ದಂಡ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಅಚ್ಚಾಗಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಒಡ್ಡು ಕಟ್ಟುವುದಿರಲಿ, ಮಳೆಯೇ ಇಲ್ಲದವರು ಏನು ಮಾಡಬೇಕು? ಮಾತು ನಿಜ. ಕೂಲಿಯ ಹಣ ಅಕ್ಕಿಗೂ ಔಷಧಿಗೂ ಸಾಲದ ಮನೆಗೆ ಉಳಿತಾಯದ ಪಾಠ ಹೇಳುವುದು ಉದ್ಧಟತನ. ಅಲ್ಲಿ ಏರ್ಪಾಡು ಮಾಡಬೇಕಾದ್ದು ಸರ್ಕಾರ. ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ ಒಂದು ಸಾವಿರವಾದದ್ದು ಇನ್ನೂ ಅಲ್ಲೇ ನಿಂತಿರುವುದನ್ನು ನೋಡಿದರೆ ಆ ಏರ್ಪಾಡಿನ ಬಡತನವೂ ಕಾಣುತ್ತದೆ. ಆದರೆ ಇದೇ ಆಕ್ಷೇಪವನ್ನು ಹೆಚ್ಚು ಗಟ್ಟಿಯಾಗಿ ಹೇಳುವವರು ಅರವತ್ತು, ಎಂಬತ್ತು ಸಾವಿರ ಸಂಬಳದವರು. ಮೂವತ್ತು ಸಾವಿರ ಬರುತ್ತಿದ್ದಾಗಲೂ ಅವರಿಗೆ ಏನೂ ಉಳಿಯುತ್ತಿರಲಿಲ್ಲ, ಎಂಬತ್ತಾದಾಗಲೂ ಉಳಿಯುತ್ತಿಲ್ಲ. ನಡುವೆ ಮನೆ ದೊಡ್ಡದಾಯಿತು, ಬೈಕು ಕಾರಾಯಿತು, ಶಾಲೆಯ ಫೀಸು ಏರಿತು. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅಮೆರಿಕದ ಒಂದು ಕಂಪನಿಯ ನೌಕರರಿಗೆ ಕಲ್ಪಿಸಿದ ಉಪಾಯ ಇಂಥವರಿಗೇ ಹೇಳಿಮಾಡಿಸಿದ್ದು. ಇವತ್ತಿನ ಸಂಬಳವನ್ನು ಮುಟ್ಟುವುದು ಬೇಡ, ಮುಂದೆ ಸಂಬಳ ಹೆಚ್ಚಿದಾಗಲೆಲ್ಲ ಆ ಹೆಚ್ಚಳದ ಒಂದು ಪಾಲು ನಿವೃತ್ತಿ ಖಾತೆಗೆ ಹೋಗಲಿ ಎಂದು ಈಗಲೇ ಒಪ್ಪಿಗೆ ಪಡೆದರು. ಒಪ್ಪಿದವರ ಉಳಿತಾಯ ನಲವತ್ತು ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಅವರ ಸ್ವಭಾವವೇನೂ ಬದಲಾಗಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಹರಿತವಾದದ್ದು: ಕಟ್ಟಿಹಾಕಿದ ದುಡ್ಡನ್ನು ಬೆಲೆಯೇರಿಕೆ ತಿಂದುಹಾಕುತ್ತದಲ್ಲ? ಖಂಡಿತ ತಿನ್ನುತ್ತದೆ. ದಿನಕ್ಕೆ ನೂರರಂತೆ ತಿಂಗಳಿಗೆ ಮೂರು ಸಾವಿರವನ್ನು ಶೇ. 7ರ ಬಡ್ಡಿಗೆ ಮೂವತ್ತು ವರ್ಷ ಬಿಟ್ಟರೆ ಸುಮಾರು 36 ಲಕ್ಷವಾಗುತ್ತದೆ. ಕೇಳಲು ಹಿತ. ಬೆಲೆಗಳು ವರ್ಷಕ್ಕೆ ಶೇ. 5 ಏರಿದರೆ ಅದರ ಬೆಲೆ ಇವತ್ತಿನ ಎಂಟೂವರೆ ಲಕ್ಷದಷ್ಟೇ. ಅಟಲ್ ಪಿಂಚಣಿಯ ಐದು ಸಾವಿರ ಕೂಡ, ಹದಿನೆಂಟರವರು ಅರವತ್ತು ಮುಟ್ಟುವ ಹೊತ್ತಿಗೆ, ಇದೇ ಲೆಕ್ಕದಲ್ಲಿ ಇವತ್ತಿನ ಆರುನೂರೈವತ್ತಕ್ಕಿಂತ ಹೆಚ್ಚಿಲ್ಲ. ಆದರೆ ಈ ಲೆಕ್ಕ ಏರ್ಪಾಡನ್ನು ಅಲ್ಲಗಳೆಯುವುದಿಲ್ಲ. ಅದನ್ನು ವರ್ಷವರ್ಷ ಎತ್ತರಿಸುತ್ತಿರಬೇಕೆಂದು ಹೇಳುತ್ತದೆ. ಮೊದಲ ವರ್ಷ ದಿನಕ್ಕೆ ನೂರು, ಮರುವರ್ಷ ನೂರೈದು, ಹೀಗೆ ಪ್ರತಿವರ್ಷ ಶೇ. 5 ಹೆಚ್ಚಿಸುತ್ತ ಹೋದರೆ ಕೊನೆಯ ಮೊತ್ತ 60 ಲಕ್ಷದ ಹತ್ತಿರ ಬರುತ್ತದೆ, ಇವತ್ತಿನ ಬೆಲೆಯಲ್ಲಿ 14 ಲಕ್ಷದ ಆಸುಪಾಸು. ಹೆಚ್ಚಿಸಿದ ಐದು ರೂಪಾಯಿ ಯಾರಿಗೂ ಭಾರವಲ್ಲ. ಜೊತೆಗೆ, ಕೂಡಿದ ಹಣ ಕೂಡಿದ ಜಾಗದಲ್ಲೇ ಕೊಳೆಯಬೇಕೆಂಬ ನಿಯಮವೇನೂ ಇಲ್ಲ. ಪಿಗ್ಮಿಯ ಕೆಲಸ ದುಡ್ಡನ್ನು ತಡೆದು ನಿಲ್ಲಿಸುವುದು. ವರ್ಷ ತುಂಬಿದ ಮೇಲೆ ಅದನ್ನು ಪಿಪಿಎಫ್‌ಗೋ ಮ್ಯೂಚುವಲ್ ಫಂಡಿಗೋ ಸಾಗಿಸಿ ಬೆಳೆಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಪಾಸ್‌ಬುಕ್ಕು ಮಾಡಲೆಂದು ಬಯಸುವುದರಿಂದಲೇ ನಿರಾಸೆ ಹುಟ್ಟುತ್ತದೆ.

ಇನ್ನೊಂದು ಅನುಮಾನ ಭದ್ರತೆಯದು. ಚೀಟಿ ನಡೆಸಿದವರು ರಾತ್ರೋರಾತ್ರಿ ಊರು ಬಿಟ್ಟ ಸುದ್ದಿ, ಸಹಕಾರಿ ಸಂಘಕ್ಕೆ ಬೀಗ ಬಿದ್ದ ಸುದ್ದಿ ನಮಗೆ ಹೊಸತಲ್ಲ. ಒಡ್ಡು ಒಡೆದರೆ ಹನಿಗಳಷ್ಟೇ ಅಲ್ಲ, ನಂಬಿಕೆಯೂ ಕೊಚ್ಚಿಹೋಗುತ್ತದೆ. 2020ರ ಫೆಬ್ರುವರಿಯಿಂದ ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಐದು ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಚೀಟಿಗಳಿಗೆ 1982ರ ಕಾಯ್ದೆ ಇದೆ, ನೋಂದಣಿ ಇದೆ. ಬಡ್ಡಿ ಎಷ್ಟು ಕೊಡುತ್ತಾರೆ ಎಂಬ ಪ್ರಶ್ನೆಗೆ ಮೊದಲು ಇವನ್ನು ಕೇಳಿಕೊಳ್ಳುವುದು ಜಾಣತನ. ಹಾಗೆಯೇ, ಎಲ್ಲ ಹಣಕ್ಕೂ ಬೀಗ ಹಾಕಿದವರು ಮೊದಲ ಆಸ್ಪತ್ರೆ ಬಿಲ್ಲಿಗೇ ಆ ಬೀಗ ಮುರಿಯಬೇಕಾಗುತ್ತದೆ. ಮಗಳ ಮದುವೆಗೆಂದು ಪಿಎಫ್ ತೆಗೆದವರ ಮುಪ್ಪು ಆ ಮದುವೆಯ ಊಟದಲ್ಲೇ ಬಡಿಸಿ ಮುಗಿದಿರುತ್ತದೆ. ಆದ್ದರಿಂದ ಮೂರು ನಾಲ್ಕು ತಿಂಗಳ ಖರ್ಚು ಬೇಕೆಂದಾಗ ಕೈಗೆ ಸಿಗುವಂತಿರಬೇಕು, ಆರೋಗ್ಯ ವಿಮೆ ಇರಬೇಕು. ತುರ್ತಿನ ಹಣ ಬೇರೆ ಇದ್ದಾಗಲೇ ಮುಪ್ಪಿನ ಹಣ ಮುಪ್ಪಿನವರೆಗೆ ಉಳಿಯುವುದು.

ಕೊನೆಯದಾಗಿ ರಸಿಕರ ತಕರಾರು: ಹೀಗೆ ಕಟ್ಟಿಹಾಕಿಕೊಂಡು ಬದುಕುವುದೂ ಒಂದು ಬದುಕೇ? ನಾಳೆ ಕಂಡವರಾರು, ಇದ್ದಾಗ ಉಣ್ಣಬೇಕು. ಉಣ್ಣಲೇಬೇಕು, ಆ ಊಟವನ್ನು ಕೆಡಿಸುವುದು ಏರ್ಪಾಡಿಲ್ಲದ ಮಿತವ್ಯಯವೇ. ಮುಪ್ಪಿಗೆ ಏನೂ ಗೊತ್ತುಮಾಡದವರು ಪ್ರತಿ ಖರ್ಚಿನ ಮುಂದೆಯೂ ಅಳುಕುತ್ತಾರೆ. ದೋಸೆ ತಿಂದರೂ ತಪ್ಪು ಮಾಡಿದ ಭಾವ, ತಿನ್ನದಿದ್ದರೂ ಕಳಕೊಂಡ ಭಾವ. ಒಂದನೇ ತಾರೀಖಿಗೇ ಸಲ್ಲಬೇಕಾದ್ದು ಸಂದುಹೋದ ಮನೆಯಲ್ಲಿ ಉಳಿದ ಹಣ ಖರ್ಚಿಗೆಂದೇ ಉಳಿದದ್ದು. ಅದರಲ್ಲಿ ಜಾತ್ರೆಗೂ ಹೋಗಬಹುದು, ಪುಸ್ತಕವನ್ನೂ ಕೊಳ್ಳಬಹುದು, ನೆಂಟರಿಗೆ ಹೋಳಿಗೆಯನ್ನೂ ಬಡಿಸಬಹುದು. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ, ತನಗೆ ತಾನೂ ಕೂಡ. ಉಳಿಸುವವರು ಜಿಪುಣರೆಂದು ಹೆಸರಾದದ್ದು ದಿನದ ಇಪ್ಪತ್ತನಾಲ್ಕು ಗಂಟೆಯೂ ಉಳಿಸುವ ಕೆಲಸ ಹಚ್ಚಿಕೊಂಡಿದ್ದರಿಂದ. ಅದನ್ನು ತಿಂಗಳಿಗೆ ಒಂದು ಸಲದ ಕೆಲಸವಾಗಿ ಮುಗಿಸಿಬಿಟ್ಟರೆ ಉಳಿದ ದಿನಗಳಲ್ಲಿ ಧಾರಾಳಿಯಾಗಿರಲು ಅಡ್ಡಿಯಿಲ್ಲ. ಹೊಸದಾಗಿ ಸಂಬಳ ಎಣಿಸುವ ಹುಡುಗ ಹುಡುಗಿಯರನ್ನು ಹಿರಿಯರು ಸಾಮಾನ್ಯವಾಗಿ ‘ಎಷ್ಟು ಉಳಿಸ್ತೀಯಪ್ಪಾ? ಎಷ್ಟು ಉಳಿಸ್ತೀಯಮ್ಮಾ?’ ಎಂದು ಕೇಳುತ್ತಾರೆ. ಅದಕ್ಕೆ ಎಲ್ಲರೂ ಒಂದು ದೊಡ್ಡ ಅಂಕಿಯನ್ನೇ ಹೇಳುತ್ತಾರೆ. ಯಾವ ತಾರೀಖಿಗೆ ಉಳಿಸುತ್ತೀರಿ ಎಂದು ಕೇಳಿ ನೋಡಬೇಕು. ಉತ್ತರವಿದ್ದವರ ಮುಪ್ಪಿನ ಬಗ್ಗೆ ಬೇರೆಯವರು ಚಿಂತಿಸಬೇಕಿಲ್ಲ.