ಒಡೆದ ಹಲಗೆಯ ಚೂರುಗಳು

ಕೊಟ್ಟೂರಿನ ತೇರು ನಮ್ಮ ಮನೆಯ ಹಬ್ಬವಲ್ಲ, ನಾವು ಕಥೋಲಿಕರು. ಆದರೂ ಕೊಟ್ಟೂರೇಶ್ವರನ ಹೆಸರು ಹೇಳುತ್ತ ಹರಪನಹಳ್ಳಿಯ ದಾರಿಯಲ್ಲಿ ನಡೆದು ಬರುವವರನ್ನು ಕಂಡಾಗ ಸುಮ್ಮನೆ ಕೂರಲಾಗುವುದಿಲ್ಲ. ಕರೆದು ಮಜ್ಜಿಗೆ ಕೊಡುತ್ತೇವೆ.

2017ರ ಫೆಬ್ರವರಿ 21ರಂದು ಆ ತೇರು ಜನರ ನಡುವೆಯೇ ಉರುಳಿಬಿತ್ತು. ಹಲವರಿಗೆ ಪೆಟ್ಟಾಯಿತು. ಊರಿಗೆ ಊರೇ ಮಂಕಾಗಿ ಕುಳಿತಿತು. ನೆರೆಮನೆಯ ಹಿರಿಯರನ್ನು, "ಇನ್ನು ಹೆಂಗಜ್ಜಾ?" ಎಂದು ಕೇಳಿದೆ. "ಬಿದ್ದದ್ದು ತೇರು, ಸ್ವಾಮಿ ಅಲ್ಲ. ಮತ್ತೆ ಕಟ್ಟಬೇಕು, ಮತ್ತೆ ಎಳೀಬೇಕು" ಎಂದರು. ಮುಂದೆ ಹಾಗೆಯೇ ಆಯಿತು. ತೇರು ಮತ್ತೆ ಸಾಗಿತು.

ಅಜ್ಜನ ಮಾತು ಕೇಳಿದಾಗ ನನಗೆ ವಿಮೋಚನಕಾಂಡ ನೆನಪಾಯಿತು. ದೇವರೊಡನೆ ಒಡಂಬಡಿಕೆ ಮಾಡಿಕೊಂಡ ಜನ, ಮೋಶೆ ನಲವತ್ತು ದಿನ ಬೆಟ್ಟದ ಮೇಲಿದ್ದು ಬರುವಷ್ಟರಲ್ಲಿ ಚಿನ್ನದ ಕರುವಿಗೆ ಅಡ್ಡಬಿದ್ದಿದ್ದರು. ಆತ ಕೈಯಲ್ಲಿದ್ದ ಕಲ್ಲಿನ ಹಲಗೆಗಳನ್ನು ಒಡೆದುಹಾಕಿದ. ಕತೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ, ಮೊದಲಿನಂಥವೇ ಎರಡು ಹಲಗೆಗಳನ್ನು ಕಡೆದುಕೊಂಡು ಬಾ ಎಂದು ಅಪ್ಪಣೆಯಾಯಿತು. ಮೊದಲಿನವು ದೇವರೇ ಮಾಡಿದ ಹಲಗೆಗಳು. ಎರಡನೆಯ ಸಲ ಕಲ್ಲು ಕಡೆಯುವ ಬೆವರು ಮನುಷ್ಯನ ಪಾಲಿಗೆ ಬಂತು.

ಮುಂದೆ ಶೆಕೆಮಿನಲ್ಲಿ ಯೆಹೋಶುವ, ಜೆರುಸಲೇಮಿನಲ್ಲಿ ಅರಸ ಯೋಷೀಯ, ಸೆರೆಯಿಂದ ಮರಳಿದವರ ಕಾಲದಲ್ಲಿ ಎಜ್ರ, ನೆಹೆಮೀಯರು ಜನರನ್ನು ಕೂಡಿಸಿ ಹಳೆಯ ಮಾತನ್ನೇ ಮತ್ತೆ ಕಟ್ಟಿಕೊಟ್ಟರು. ಎಜ್ರ ಧರ್ಮಶಾಸ್ತ್ರವನ್ನು ಓದಿದಾಗ ಕೇಳಿದವರು ಅತ್ತರು. ಯೆಹೂದ್ಯರ ತಾಲ್ಮೂದಿನಲ್ಲಿ ಇನ್ನೊಂದು ಮಾತಿದೆ: ಒಡೆದ ಹಲಗೆಯ ಚೂರುಗಳನ್ನೂ ಹೊಸ ಹಲಗೆಗಳ ಜೊತೆಗೆ ಒಂದೇ ಮಂಜೂಷದಲ್ಲಿ ಇಟ್ಟಿದ್ದರಂತೆ.

ನಮ್ಮಲ್ಲಿ ಪಾಸ್ಖ ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ಜ್ಞಾನಸ್ನಾನದ ವಚನಗಳನ್ನು ನವೀಕರಿಸುತ್ತೇವೆ. ಜಗದ್ಗುರು ಹನ್ನೆರಡನೆಯ ಪಯಸ್ 1951ರಲ್ಲಿ ಆ ರಾತ್ರಿಯ ಪೂಜೆಗೆ ಸೇರಿಸಿದ ವಿಧಿ ಇದು. ನಾನು ವರ್ಷವೂ ಗಟ್ಟಿಯಾಗಿಯೇ ಉತ್ತರ ಹೇಳುತ್ತಿದ್ದೆ. ಆಚೆಯ ಸಾಲಿನಲ್ಲಿ ತಮ್ಮನೂ ಹೇಳುತ್ತಿದ್ದ. ನಮ್ಮಿಬ್ಬರಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅಪ್ಪ ಸಾಯುವ ಮುನ್ನ ಇಬ್ಬರ ಕೈ ಕೂಡಿಸಿ ತೆಗೆದುಕೊಂಡಿದ್ದ ಭಾಷೆಯನ್ನು ಒಂದು ಎಕರೆ ಹೊಲದ ಆಸೆಗೆ ಮುರಿದವನು ನಾನೇ.

ಆ ವರ್ಷ ಏಪ್ರಿಲ್ 15ರ ರಾತ್ರಿ ಉತ್ತರ ಹೇಳಲು ಬಾಯಿ ತೆರೆದವನಿಗೆ ದನಿ ಹೊರಡಲಿಲ್ಲ. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಕಾದು ನಿಂತೆ. ಏನೂ ನಡೆದಿಲ್ಲವೆಂಬಂತೆ ಹಬ್ಬದೂಟಕ್ಕೆ ಕರೆದುಬಿಡೋಣವೆಂದಿದ್ದೆ.

"ಬರ್ತೀನಣ್ಣ. ಆದ್ರೆ ಹೊಲದ ಮಾತೂ ಆಗಬೇಕು" ಎಂದ.

ಚೂರುಗಳನ್ನು ಹೊರಗೆ ಬಿಟ್ಟು ಮಂಜೂಷ ಮುಚ್ಚುವುದಕ್ಕೆ ಅವನು ಒಪ್ಪಲಿಲ್ಲ. ಅವನೆಂದದ್ದೇ ಸರಿ. "ಆಗಲಪ್ಪ, ಮೊದಲು ಅದನ್ನೇ ಮಾತಾಡೋಣ" ಎಂದೆ.